ದರಕಿನ ಕೆಲಸಕ್ಕೆ ಡೆಪಾ ಎಣ್ಣೆ: ನಾಲ್ಕು ಹಂಗಾಮು ಬಳಸಿದ ಮೇಲೆ

ಸಾಗರ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಕೊಯ್ಲಿನ ಗಡಿಬಿಡಿ ತಗ್ಗುತ್ತ ಬಂದಂತೆ ದರಕು ಒಟ್ಟುವ ಕೆಲಸ ಮೊದಲಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಉದುರಿ ಬಿದ್ದ ಒಣಗಿದ ಎಲೆಯನ್ನು ಗುಡಿಸಿ, ಹೊತ್ತು ತಂದು, ಕೊಟ್ಟಿಗೆಗೆ ಹಾಸಿದರೆ ಅದೇ ಮುಂದೆ ಗೊಬ್ಬರವಾಗಿ ತೋಟಕ್ಕೆ ಸೇರುತ್ತದೆ. ಈ ಕೆಲಸ ಜೋರಾಗಿ ನಡೆಯುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿಯೇ ಮಂಗನ ಕಾಯಿಲೆಯೂ ಜೋರಾಗಿರುತ್ತದೆ. ದರಕಿನ ಅಡಿಯಲ್ಲಿ, ಎಳ್ಳಿನ ಕಾಳಿಗಿಂತ ಸಣ್ಣದಾದ ಮರಿ ಉಣುಗುಗಳು ಕಾದಿರುತ್ತವೆ. ಆ ಉಣುಗಿನ ಕಡಿತದಿಂದ ಮೈಯನ್ನು ಕಾಪಾಡಿಕೊಳ್ಳಲೆಂದು ನಮ್ಮ ಹಳ್ಳಿಗಳಲ್ಲಿ ಉಚಿತವಾಗಿ ಹಂಚುವ ಡೆಪಾ ಎಣ್ಣೆಯನ್ನು ನಾನೂ ನಮ್ಮ ಮನೆಯವರೂ ನಮ್ಮೊಂದಿಗೆ ದುಡಿಯುವ ಇಬ್ಬರು ಆಳುಗಳೂ ನಾಲ್ಕು ಹಂಗಾಮು ಬಳಸಿದ್ದೇವೆ. ಆ ಬಳಕೆಯಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಈ ಎಣ್ಣೆ ಏನೆಂಬುದು ಸ್ಪಷ್ಟವಾಗಬೇಕು. ಹೆಸರಿನಲ್ಲಿ ಎಣ್ಣೆ ಎಂದಿದ್ದರೂ ಇದು ಯಾವುದೇ ಬೀಜದಿಂದ ಹಿಂಡಿದ್ದಲ್ಲ. ಡೈಈಥೈಲ್ ಫಿನೈಲ್ ಅಸಿಟಮೈಡ್ ಎಂಬ ರಾಸಾಯನಿಕದ ಹೆಸರನ್ನು ಮೊಟಕುಗೊಳಿಸಿ ಡೆಪಾ ಎಂದು ಕರೆಯುತ್ತಾರೆ. ಗ್ವಾಲಿಯರ್‌ನಲ್ಲಿರುವ ರಕ್ಷಣಾ ಇಲಾಖೆಯ ಪ್ರಯೋಗಾಲಯವು ಕಾಡು ಮತ್ತು ಗಡಿ ಪ್ರದೇಶಗಳಲ್ಲಿ ಕೆಲಸ ಮಾಡುವ ಸೈನಿಕರನ್ನು ಸೊಳ್ಳೆ ಮುಂತಾದ ಕಚ್ಚುವ ಕೀಟಗಳಿಂದ ರಕ್ಷಿಸಲೆಂದು ಇದನ್ನು ರೂಪಿಸಿತು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡೀಟ್ ಎಂಬ ವಸ್ತುವೂ ಸೈನಿಕರಿಗಾಗಿಯೇ, 1946ರಲ್ಲಿ, ಅಮೆರಿಕದಲ್ಲಿ ಸಿದ್ಧವಾದದ್ದು. ನಮ್ಮ ದೇಶದಲ್ಲಿ ಸುಲಭವಾಗಿ ತಯಾರಿಸಬಹುದಾದ ಪರ್ಯಾಯವಾಗಿ ಡೆಪಾ ಬಂತು. ನಮ್ಮ ಕಡೆ ಇದಕ್ಕೂ ಮುಂಚೆ ಬಹಳ ವರ್ಷ ಡಿಎಂಪಿ ಎಣ್ಣೆ ಹಂಚುತ್ತಿದ್ದರು. ಅದು ಡೈಮೀಥೈಲ್ ಥಾಲೇಟ್. ಹಿರಿಯರಲ್ಲಿ ಹಲವರು ಈಗಲೂ ಡೆಪಾವನ್ನು ಡಿಎಂಪಿ ಎಂದೇ ಕರೆಯುತ್ತಾರೆ, ಹಾಗಾಗಿ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಉಳಿದುಕೊಂಡಿದೆ. ಎರಡನ್ನೂ ಹಚ್ಚಿಕೊಂಡು ನೋಡಿದವನಾಗಿ ಹೇಳುವುದಾದರೆ ಡೆಪಾ ಹೆಚ್ಚು ಹೊತ್ತು ನಿಲ್ಲುತ್ತದೆ. ಡಿಎಂಪಿ ಹಚ್ಚಿದ ದಿನಗಳಲ್ಲಿ ಹತ್ತು ಗಂಟೆಯ ಚಹಾದ ಹೊತ್ತಿಗೇ ಅದರ ಕಾವಲು ಮುಗಿದಿರುತ್ತಿತ್ತು.

ಎಣ್ಣೆಯ ಗುಣದೋಷಗಳನ್ನು ಅಳೆಯಬೇಕಾದರೆ ಅದು ಯಾವುದರ ಎದುರು ನಿಂತಿದೆ ಎಂಬುದನ್ನು ಅರಿಯಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು, ಅಕ್ಕಪಕ್ಕದ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸ್ಥಳಕ್ಕೆ ಧಾವಿಸಿದಾಗ, ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿರುವುದನ್ನು ಕಂಡು, ಸೊಳ್ಳೆಯಿಂದ ಹರಡುವ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಮೂಡಿತ್ತು. ಕೊನೆಗೆ ಪ್ರತ್ಯೇಕಿಸಿದ ವೈರಸ್ಸು ಹಳದಿ ಜ್ವರದ ಕುಲಕ್ಕೇ ಸೇರಿದ್ದಾದರೂ ಅದರ ಹತ್ತಿರದ ನಂಟು ಇದ್ದದ್ದು ರಷ್ಯಾದ ಕಾಡುಗಳಲ್ಲಿ ಉಣುಗುಗಳು ಹರಡುವ ಮೆದುಳು ಜ್ವರದ ವೈರಸ್ಸಿನೊಂದಿಗೆ. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಕಾಡಿನ ಉಣುಗು ಇದರ ಮುಖ್ಯ ವಾಹಕ. ವೈರಸ್ಸಿಗೆ ಆ ಕಾಡಿನ ಹೆಸರೇ ನಿಂತಿತು, ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ಮುಂದೆ 2012ರಲ್ಲಿ ಬಂಡೀಪುರದಲ್ಲಿಯೂ ಆ ಬಳಿಕ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡು, ಒಂದು ತಾಲ್ಲೂಕಿನ ಕಾಯಿಲೆ ಇಡೀ ಪಶ್ಚಿಮ ಘಟ್ಟದ ಕಾಯಿಲೆಯಾಗಿದೆ. 2018–19ರ ಹಂಗಾಮಿನಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಬ್ಬಿಸಿದ ಭಯವನ್ನು ಕಂಡವರು ಯಾರೂ ಮರೆತಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋಗುವ ರೂಢಿ ನಿಂತಿತು.

ಈ ವೈರಸ್ಸು ಹರಡಲು ಉಣುಗೇ ಮಧ್ಯವರ್ತಿ ಎಂಬ ಸಂಗತಿಯಲ್ಲಿಯೇ ಎಣ್ಣೆಯನ್ನು ಹೇಗೆ ಬಳಸಬೇಕೆಂಬುದರ ಉತ್ತರವೂ ಅಡಗಿದೆ, ಮತ್ತು ನನ್ನ ಮೊದಲ ಹಂಗಾಮಿನ ತಪ್ಪು ಇದ್ದದ್ದೂ ಇಲ್ಲಿಯೇ. ಸೊಳ್ಳೆಗೆ ರೆಕ್ಕೆಯಿದೆ. ಅದು ಮೈಯ ಯಾವ ತೆರೆದ ಭಾಗಕ್ಕೆ ಬೇಕಾದರೂ ಹಾರಿ ಬಂದು ಕೂರುತ್ತದೆ. ಆದ್ದರಿಂದ ಸೊಳ್ಳೆಗೆ ಹಚ್ಚುವ ಮುಲಾಮನ್ನು ಕೈ, ಕುತ್ತಿಗೆಗಳಿಗೆ ಸವರುವುದೇ ಸರಿಯಾದ ಕ್ರಮ. ನಾನೂ ಡೆಪಾವನ್ನು ಹಾಗೆಯೇ ಸವರಿಕೊಂಡು ಹೋಗುತ್ತಿದ್ದೆ. ಸಂಜೆ ಸ್ನಾನಕ್ಕೆ ಮೊದಲು ಮೈ ನೋಡಿಕೊಂಡರೆ ಮಂಡಿಯ ಹಿಂಭಾಗದಲ್ಲಿ, ತೊಡೆಯ ಸಂದಿಯಲ್ಲಿ, ಪಂಚೆಯ ಕಟ್ಟು ಕೂರುವ ಸೊಂಟದ ಸುತ್ತ ಉಣುಗು ಕಚ್ಚಿಕೊಂಡಿರುತ್ತಿದ್ದವು. ಎಣ್ಣೆ ಕೆಲಸಕ್ಕೆ ಬಾರದ್ದೆಂದು ಆಗ ತೀರ್ಮಾನಿಸಿಬಿಟ್ಟಿದ್ದೆ.

ಆದರೆ ಉಣುಗು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಅದು ಹುಲ್ಲಿನ ತುದಿಗೋ ದರಕಿನ ಅಂಚಿಗೋ ಏರಿ, ಮುಂಗಾಲುಗಳನ್ನು ಚಾಚಿ ಕಾಯುತ್ತದೆ. ಆ ಮುಂಗಾಲುಗಳ ತುದಿಯಲ್ಲಿರುವ ಒಂದು ಸೂಕ್ಷ್ಮ ಅಂಗದ ಮೂಲಕ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ವಾಸನೆ ಮತ್ತು ಬಿಸಿಯನ್ನೂ ಗುರುತಿಸುತ್ತದೆ. ಕಾಲು ತಗುಲಿದೊಡನೆ ಹತ್ತಿಕೊಂಡು, ಮೆತ್ತಗಿನ ಚರ್ಮ ಸಿಗುವವರೆಗೆ ಮೇಲಕ್ಕೆ ನಡೆಯುತ್ತದೆ. ಅಂದರೆ ಅದು ಬರುವ ಮುಖ್ಯ ದಾರಿ ಪಾದದಿಂದ ಮೇಲಕ್ಕೆ. ದರಕು ತುಂಬುವಾಗ ಕೈಯಿಂದಲೂ ಏರಬಹುದು, ಹೊರೆಯನ್ನು ತಲೆಯ ಮೇಲೆ ಹೊತ್ತಾಗ ಕುತ್ತಿಗೆಗೂ ಇಳಿಯಬಹುದು. ಎರಡನೆಯ ಹಂಗಾಮಿನಿಂದ ನಾನು ಎಣ್ಣೆಯನ್ನು ಪಾದ, ಹಿಮ್ಮಡಿಯ ಸುತ್ತ, ಮೊಣಕಾಲಿನವರೆಗೆ ಬಿಡದೆ ಸವರಿ, ಕಾಲುಚೀಲದೊಳಕ್ಕೆ ಪ್ಯಾಂಟಿನ ತುದಿಯನ್ನು ಸೇರಿಸಿ, ಕಾಲುಚೀಲದ ಮೇಲೂ ಒಂದು ಕೈ ಎಣ್ಣೆ ಎಳೆಯತೊಡಗಿದೆ. ಸೊಂಟದ ಸುತ್ತ ಒಂದು ಪಟ್ಟಿಯಂತೆ, ಮುಂಗೈಯಿಂದ ಮೊಣಕೈಯವರೆಗೆ, ಕತ್ತಿನ ಹಿಂಭಾಗಕ್ಕೆ ಉಳಿದದ್ದು. ಅದೇ ಬೆಟ್ಟ, ಅದೇ ಕೆಲಸ, ಅದೇ ತಿಂಗಳು. ಮೊದಲ ವರ್ಷ ಒಂದೇ ಸಂಜೆ ಹನ್ನೊಂದು ಉಣುಗು ಕಿತ್ತಿದ್ದವನಿಗೆ ಎರಡನೆಯ ವರ್ಷ ಹೆಚ್ಚಿನ ಸಂಜೆಗಳಲ್ಲಿ ಒಂದೂ ಸಿಗಲಿಲ್ಲ. ಇದು ಪ್ರಯೋಗಾಲಯದ ಲೆಕ್ಕವಲ್ಲ. ಒಂದು ಮನೆಯ ಅನುಭವಕ್ಕೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಇದಕ್ಕಿದೆ. ಆದರೂ ಎಣ್ಣೆಯ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾದದ್ದು ಇದರಿಂದಲೇ, ಮತ್ತು ಇದನ್ನು ಬರೆಯಬೇಕೆನಿಸಿದ್ದೂ ಇದರಿಂದಲೇ. ಎಣ್ಣೆ ಹಂಚಿದ ಎಷ್ಟೋ ಮನೆಗಳಲ್ಲಿ ಅದು ಮುಂಗೈಗೂ ಮುಖಕ್ಕೂ ಮಾತ್ರ ಮುಗಿಯುತ್ತಿದೆ.

ಡೆಪಾ ಉಣುಗನ್ನು ಕೊಲ್ಲುವುದಿಲ್ಲ, ದೂರವಿಡುತ್ತದೆ ಅಷ್ಟೆ. ಹಚ್ಚದೆ ಬಿಟ್ಟ ಒಂದು ಅಂಗುಲ ಜಾಗವಿದ್ದರೂ ಉಣುಗು ಅದನ್ನು ಹುಡುಕಿಕೊಳ್ಳುತ್ತದೆ. ಬೆವರು ಹೆಚ್ಚಾದಂತೆ ಅದರ ಬಲ ಕುಗ್ಗುತ್ತದೆ. ಫೆಬ್ರವರಿಯ ಬೆಳಗಿನ ತಂಪಿನಲ್ಲಿ ಏಳು ಗಂಟೆಗೆ ಹಚ್ಚಿದ್ದು ಹನ್ನೊಂದರವರೆಗೆ ಚೆನ್ನಾಗಿ ನಿಂತಿದೆ. ಮಾರ್ಚ್ ಕೊನೆಯ ಬಿಸಿಲಿನಲ್ಲಿ ಹೊರೆ ಹೊರುವ ದಿನ ಎರಡೂವರೆ, ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳುವುದು ಅಗತ್ಯವೆನಿಸಿದೆ. ಆದ್ದರಿಂದ ಬಾಟಲಿಯನ್ನು ಮನೆಯಲ್ಲಿ ಬಿಟ್ಟುಹೋಗದೆ ನೀರಿನ ಕ್ಯಾನಿನ ಜೊತೆಯಲ್ಲಿಯೇ ಬೆಟ್ಟಕ್ಕೆ ಒಯ್ಯಬೇಕು. ಜಿಡ್ಡು ಇದೆ, ಮತ್ತು ಒಂದು ತೀಕ್ಷ್ಣವಾದ ವಾಸನೆಯೂ ಇದೆ. ನಮ್ಮ ಆಳುಗಳಲ್ಲಿ ಒಬ್ಬರಿಗೆ ಮೊದಮೊದಲು ತಲೆನೋವು ಬಂದಂತಾಗಿ ಹಚ್ಚಲು ಒಪ್ಪುತ್ತಿರಲಿಲ್ಲ. ಮುಖಕ್ಕೆ ಹಚ್ಚದೆ, ಕಾಲಿಗೆ ಹೆಚ್ಚು, ಕತ್ತಿಗೆ ಕಡಿಮೆ ಮಾಡಿದ ಮೇಲೆ ಆ ತೊಂದರೆ ನಿಂತಿತು. ಕಣ್ಣು, ಬಾಯಿ, ಗಾಯವಿರುವ ಜಾಗಗಳಿಗೆ ತಾಗಿಸಬಾರದು. ಹಚ್ಚಿಕೊಂಡ ಕೈಯಲ್ಲಿ ಎಲೆಯಡಿಕೆ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಸೋಪು ಹಚ್ಚಿ ಕೈ ತೊಳೆಯದೆ ಕವಳಕ್ಕೆ ಕೈ ಹಾಕುವಂತಿಲ್ಲ.

ಊರಿನಲ್ಲಿ ಬಳಕೆಯಲ್ಲಿರುವ ಇತರ ಉಪಾಯಗಳೊಂದಿಗೆ ಹೋಲಿಸದೆ ಈ ಬರಹ ಪೂರ್ತಿಯಾಗದು. ಬೇವಿನೆಣ್ಣೆಯನ್ನು ನಾನು ಒಂದು ವಾರ ಪರೀಕ್ಷಿಸಿದೆ. ಮೊದಲ ಅರ್ಧ ಮುಕ್ಕಾಲು ಗಂಟೆ ಪರವಾಗಿಲ್ಲ, ಆಮೇಲೆ ಅದನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಇಂಬಳಕ್ಕೆ ಬಳಸುವ ಸುಣ್ಣ ಮತ್ತು ಹೊಗೆಸೊಪ್ಪಿನ ಮಿಶ್ರಣವನ್ನೇ ಉಣುಗಿಗೂ ಹಚ್ಚುವವರಿದ್ದಾರೆ. ಇಂಬಳ ಒದ್ದೆ ಮೈಯ ಜೀವಿ, ಸುಣ್ಣ ತಾಗಿದರೆ ಮುದುಡಿ ಬೀಳುತ್ತದೆ. ಗಟ್ಟಿ ಕವಚದ ಉಣುಗಿಗೆ ಅದರಿಂದ ಏನೂ ಆಗುವುದಿಲ್ಲ. ಸೀಮೆಎಣ್ಣೆ ಹಚ್ಚುವುದು ಚರ್ಮಕ್ಕೆ ಹಾನಿ. ಔಷಧಿ ಅಂಗಡಿಗಳಲ್ಲಿ ಸಿಗುವ ಸೊಳ್ಳೆ ಮುಲಾಮುಗಳಲ್ಲಿ ಡೀಟ್ ಇರುವಂಥವು ಉಣುಗನ್ನೂ ದೂರವಿಡುತ್ತವೆ, ಆದರೆ ಎರಡು ಕಾಲಿಗೆ ಸಾಕಾಗುವಷ್ಟು ಪ್ರತಿದಿನ ಹಚ್ಚಬೇಕೆಂದರೆ ಅವುಗಳ ಬೆಲೆ ದಿನಗೂಲಿಯ ಕುಟುಂಬಕ್ಕೆ ಎಟುಕುವುದಿಲ್ಲ. ಈ ದೃಷ್ಟಿಯಿಂದ ನೋಡಿದಾಗ, ಆಶಾ ಕಾರ್ಯಕರ್ತೆಯರು ಬಾಗಿಲಿಗೆ ತಂದುಕೊಡುವ ಡೆಪಾ ದೊಡ್ಡ ಉಪಕಾರ. ಡಿಸೆಂಬರಿನ ಚಳಿಯಲ್ಲಿ ಒಂಟಿ ಮನೆಗಳ ಏರುದಾರಿ ಹತ್ತಿ, ಯಾರಿಗೆ ಜ್ವರವಿದೆ, ಎಲ್ಲಿ ಮಂಗ ಸತ್ತಿದೆ ಎಂದು ಕೇಳಿ ಬರೆದುಕೊಂಡು, ಬಾಟಲಿ ಕೊಟ್ಟುಹೋಗುವ ಆ ಹೆಣ್ಣುಮಕ್ಕಳ ದುಡಿಮೆಯನ್ನು ನಾನು ಎಣ್ಣೆಯ ಗುಣಗಳ ಪಟ್ಟಿಯಲ್ಲಿಯೇ ಸೇರಿಸುತ್ತೇನೆ.

ಈ ಎಣ್ಣೆಗೆ ಇಂದು ಇರುವ ಮಹತ್ವ ಕೆಲವು ವರ್ಷಗಳ ಹಿಂದೆ ಇರಲಿಲ್ಲ. ಆಗ ಲಸಿಕೆಯಿತ್ತು. 1990ರಿಂದ ನಮ್ಮ ಜಿಲ್ಲೆಗಳಲ್ಲಿ ಕೊಡುತ್ತಿದ್ದ ಆ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಂಡು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್ ಪಡೆದು, ಆಮೇಲೂ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಒಂದು ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ. 62.4 ಎಂದೂ ಬೂಸ್ಟರ್ ಪಡೆದವರಲ್ಲಿ ಶೇ. 82.9 ಎಂದೂ ಕಂಡುಬಂದಿತ್ತು. ಒಂದೇ ಡೋಸಿಗೆ ನಿಲ್ಲಿಸಿದವರಿಗೆ ಪ್ರಯೋಜನವಿರಲಿಲ್ಲ. ಲಸಿಕೆಯ ಬಲ ಕುಗ್ಗಿದೆಯೆಂಬ ಕಾರಣದಿಂದ 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಗೆತ್ತಿಕೊಂಡಿದೆ. ರೋಗ ಬಂದ ಮೇಲೆ ವೈರಸ್ಸನ್ನೇ ಕೊಲ್ಲುವ ನಿಶ್ಚಿತ ಔಷಧವಿಲ್ಲ. ದೇಹದ ನೀರಿನಂಶವನ್ನು ಕಾಯ್ದುಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟು, ಲಕ್ಷಣಗಳಿಗೆ ತಕ್ಕಂತೆ ಆರೈಕೆ ಮಾಡುವುದೇ ಚಿಕಿತ್ಸೆ. ರೋಗ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ಮುಂದಿನ ಲಸಿಕೆ ನಮ್ಮ ತೋಳಿಗೆ ಬರುವವರೆಗೆ, ಬೆಟ್ಟಕ್ಕೆ ಹೋಗಲೇಬೇಕಾದವರ ಕೈಯಲ್ಲಿ ಉಳಿದಿರುವುದು ಮೈಮುಚ್ಚುವ ಬಟ್ಟೆ, ಬೂಟು ಮತ್ತು ಈ ಬಾಟಲಿ.

ಹಾಗೆಂದು ಎಣ್ಣೆ ಹಚ್ಚಿದೆನೆಂಬ ಧೈರ್ಯದಲ್ಲಿ ಮಂಗ ಸತ್ತ ಜಾಗಕ್ಕೆ ಕಾಲಿಡಬಾರದು. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ದರಕಿನಲ್ಲಿ ಸೇರಿಕೊಳ್ಳುತ್ತವೆ. ಮಂಗದ ರಕ್ತದಲ್ಲಿ ವೈರಸ್ಸು ತುಂಬಿದ್ದಾಗ ಹೀರಿದ ಉಣುಗುಗಳು ಅವು. ಅಲ್ಲಿ ಪುಡಿಯನ್ನೋ ದ್ರಾವಣವನ್ನೋ ಸಿಂಪಡಿಸಿ ಉಣುಗನ್ನು ಕೊಲ್ಲಬೇಕೇ ಹೊರತು, ದೂರವಿಡುವ ಎಣ್ಣೆ ಸಾಲದು. ಮುಸಿಯ ಇರಲಿ, ಕೆಂಪು ಮೂತಿಯ ಮಂಗ ಇರಲಿ, ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಆ ಭಾಗದ ದರಕನ್ನು ಆ ವರ್ಷಕ್ಕೆ ಬಿಟ್ಟುಬಿಡುವುದು ನಮ್ಮ ಮನೆಯ ನಿಯಮ. ಕೊಟ್ಟಿಗೆಯ ವಿಷಯವೂ ಇದೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲವಾದರೂ ಬೆಳೆದ ಉಣುಗುಗಳು ಅವುಗಳ ರಕ್ತ ಹೀರಿಯೇ ಮೊಟ್ಟೆಯಿಡುವಷ್ಟು ಪುಷ್ಟವಾಗುತ್ತವೆ. ಬೆಟ್ಟಕ್ಕೆ ಮೇಯಲು ಬಿಡುವ ದನಕ್ಕೆ ಪಶುವೈದ್ಯರು ಹೇಳಿದ ಉಣುಗಿನ ಔಷಧ ಹಾಕಿಸದೆ, ನಾವು ಮಾತ್ರ ಎಣ್ಣೆ ಹಚ್ಚಿಕೊಂಡರೆ ಮುಂದಿನ ವರ್ಷದ ಉಣುಗನ್ನು ನಾವೇ ಸಾಕಿದಂತಾಗುತ್ತದೆ.

ಬೆಟ್ಟದಿಂದ ಬಂದ ಮೇಲಿನ ಅರ್ಧ ಗಂಟೆ ಎಣ್ಣೆಯಷ್ಟೇ ಮುಖ್ಯ. ಬಟ್ಟೆಯನ್ನು ಒಳಗೆ ತರದೆ ಬಚ್ಚಲೊಲೆಯ ಬಿಸಿನೀರಿನಲ್ಲಿ ನೆನೆಹಾಕಬೇಕು, ಸೋಪು ಹಚ್ಚಿ ಬಿಸಿನೀರಿನಲ್ಲಿ ಮೀಯಬೇಕು. ಇದರಿಂದ ಎಣ್ಣೆಯ ಜಿಡ್ಡೂ ಹೋಗುತ್ತದೆ, ಅಲೆಯುತ್ತಿರುವ ಉಣುಗೂ ಹೋಗುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೆರಳಲ್ಲಿ ಜಜ್ಜುವುದು, ಬೀಡಿಯ ಕೆಂಡ ತಾಗಿಸುವುದು ಅಪಾಯ. ಆ ನಂತರ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಒಂದು ದಿನವೂ ಕಾಯಬಾರದು. ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಬೇಕು, ಏಕೆಂದರೆ ಪ್ಲೇಟ್‌ಲೆಟ್ ಇಳಿದ ವರದಿ ನೋಡಿದೊಡನೆ ಡೆಂಗಿಯೆಂದೇ ಭಾವಿಸುವುದು ಸುಲಭ. ಎರಡೂ ಒಂದೇ ಕುಲದ ವೈರಸ್ಸುಗಳು, ಆರಂಭದ ದಿನಗಳಲ್ಲಿ ಎರಡರ ಮುಖವೂ ಒಂದೇ. ಮೊದಲ ವಾರದ ರಕ್ತಪರೀಕ್ಷೆಯಲ್ಲಿ ಆರ್‌ಟಿ–ಪಿಸಿಆರ್ ಮೂಲಕ ವೈರಸ್ಸನ್ನೇ ಗುರುತಿಸಬಹುದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಲ್ಲಿ ಅದು ಮರಳಿ ಬಂದು, ತಲೆಸುತ್ತು, ನಡುಕ, ಮಂಕು ಕವಿಯುವ ಲಕ್ಷಣಗಳನ್ನು ತೋರಿಸುವುದರಿಂದ, ಗುಣವಾಯಿತೆಂದು ತಕ್ಷಣ ಹೊರೆ ಹೊರಲು ಹೋಗಬಾರದು.

ಇನ್ನು ದೂರುಗಳು. ಒಂದು ವರ್ಷ ನಮ್ಮ ಕೇರಿಗೆ ಎಣ್ಣೆ ಬಂದಾಗ ಫೆಬ್ರವರಿ ಅರ್ಧ ಕಳೆದಿತ್ತು. ಮರಿ ಉಣುಗುಗಳು ನವೆಂಬರಿನಿಂದಲೇ ಚುರುಕಾಗಿರುತ್ತವೆ. ಆ ವರ್ಷ ನಾವು ಎರಡು ವಾರ ದರಕಿನ ಕೆಲಸವನ್ನು ಮುಂದೂಡಿದೆವು, ಹಾಗೆ ಮುಂದೂಡುವ ಅನುಕೂಲವಿಲ್ಲದ ಕೂಲಿ ಕುಟುಂಬಗಳು ಬರಿಗಾಲಲ್ಲಿಯೇ ಹೋದವು. ಪ್ರಮಾಣವೂ ಸಾಲದು. ಮೇಲೆ ಹೇಳಿದಂತೆ ಕಾಲು, ಸೊಂಟ, ಕೈಗಳಿಗೆ ಹಚ್ಚಿದರೆ ನಾಲ್ಕು ಜನರ ಮನೆಗೆ ಕೊಟ್ಟ ಬಾಟಲಿಗಳು ಎರಡೇ ವಾರದಲ್ಲಿ ಬರಿದಾಗುತ್ತವೆ. ಮುಂಗೈಗೆ ಮಾತ್ರ ಸವರುವವರಿಗೆ ಹಂಗಾಮಿಡೀ ಬರುತ್ತದೆ, ಬಹುಶಃ ಲೆಕ್ಕ ಹಾಕಿದ್ದೂ ಹಾಗೆಯೇ ಇರಬೇಕು. ಮನೆಗಿಷ್ಟು ಎಂದು ಹಂಚುವ ಬದಲು ಬೆಟ್ಟಕ್ಕೆ ಹೋಗುವ ಆಳಿಗಿಷ್ಟು ಎಂದು ಹಂಚಿದರೆ ನ್ಯಾಯವಾದೀತು.

ನನ್ನ ಕೈಗೆ ಬಂದ ಬಾಟಲಿಗಳಲ್ಲಿ ಕೆಲವುದರ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಲ್ಲಿ ಹಚ್ಚಬೇಕು, ಎಷ್ಟು ಹೊತ್ತಿಗೊಮ್ಮೆ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬ ಮೂರು ಮಾತುಗಳು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಓದಲು ಬಾರದವರಿಗಾಗಿ ಪಾದದಿಂದ ಸೊಂಟದವರೆಗೆ ಬಣ್ಣ ತುಂಬಿದ ಒಂದು ಮನುಷ್ಯನ ಚಿತ್ರದೊಂದಿಗೆ ಇದ್ದಿದ್ದರೆ ನಾನು ಒಂದು ಇಡೀ ಹಂಗಾಮನ್ನು ತಪ್ಪು ಜಾಗಕ್ಕೆ ಎಣ್ಣೆ ಸವರಿ ಕಳೆಯುತ್ತಿರಲಿಲ್ಲ. ಬಾಟಲಿಯ ಬಾಯಿ ಅಗಲವಾಗಿದ್ದು, ಓರೆಯಾದರೆ ಅರ್ಧ ಎಣ್ಣೆ ಅಂಗೈಗೆ ಸುರಿಯುವುದರಿಂದ, ನಾನು ಖಾಲಿಯಾದ ಒಂದು ತೆಂಗಿನೆಣ್ಣೆಯ ಬಾಟಲಿಗೆ ಸುರುವಿಕೊಂಡು, ಮುಚ್ಚಳಕ್ಕೆ ಸಣ್ಣ ತೂತು ಮಾಡಿಕೊಂಡಿದ್ದೇನೆ. ಹಾಗೆ ಮಾಡುವವರು ಹಳೆಯ ಚೀಟಿಯನ್ನು ಕಿತ್ತು, ಮೇಲೆ ಡೆಪಾ ಎಂದು ದಪ್ಪವಾಗಿ ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನಮ್ಮಲ್ಲಿ ಅದು ಜಗಲಿಯ ಮೇಲಿನ ಗೂಟದಲ್ಲಿ, ಬೂಟಿನ ಮೇಲ್ಗಡೆ, ಚಿಕ್ಕವರಿಗೆ ಎಟುಕದಷ್ಟು ಎತ್ತರದಲ್ಲಿ, ಕತ್ತಿಯ ಪಕ್ಕಕ್ಕೆ ತೂಗುತ್ತದೆ. ಕತ್ತಿ ತೆಗೆದುಕೊಳ್ಳುವವರ ಕೈಗೆ ಬಾಟಲಿಯೂ ತಾಗುತ್ತದೆ.